ಬ್ರಾಂಕಿಯೋಲೈಟಿಸ್ ಬಂದ ಕೂಸಿಗೆ ಬೇಡದ ಚಿಕಿತ್ಸೆ ನಿಲ್ಲಿಸುವುದು ಹೇಗೆ: ಮಕ್ಕಳ ವಾರ್ಡಿನಲ್ಲಿ ಮಾರ್ಗಸೂಚಿ ಜಾರಿಗೆ ತರುವ ಕ್ರಮ

ಎರಡು ಮೂರು ದಿನ ಮೂಗು ಸೋರಿ, ಆಮೇಲೆ ಕೆಮ್ಮು, ಜೋರು ಉಸಿರು, ಪಕ್ಕೆ ಸೆಳೆತ, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು, ಹಾಲು ಹೀರಲಾಗದ ಸುಸ್ತು. ಮಳೆಗಾಲದ ಕೊನೆಗೂ ಚಳಿಗಾಲದಲ್ಲೂ ಮಕ್ಕಳ ವಾರ್ಡು ಇಂಥ ಕೂಸುಗಳಿಂದ ತುಂಬುತ್ತದೆ. ಇದೇ ಬ್ರಾಂಕಿಯೋಲೈಟಿಸ್, ವೈರಸ್‌ನಿಂದ ಎದೆಯ ಸಣ್ಣ ಶ್ವಾಸನಾಳಗಳು ಊದಿಕೊಳ್ಳುವ ಕಾಯಿಲೆ. ಹೆಚ್ಚಿನವಕ್ಕೆ ಕಾರಣ ಆರ್‌ಎಸ್‌ವಿ ಎಂಬ ವೈರಸ್. ಇವಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2015ರಲ್ಲಿ, ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧಕರ ಪ್ರೆಡಿಕ್ಟ್ ಜಾಲ 2016ರಲ್ಲಿ ಸ್ಪಷ್ಟವಾಗಿ ಬರೆದಿಟ್ಟಿವೆ. ಮೂರೂ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತವೆ: ಎಕ್ಸ್-ರೇ, ಸಾಲ್ಬುಟಮಾಲ್ (ಉಬ್ಬಸಕ್ಕೆ ಕೊಡುವ ಔಷಧಿ), ಸ್ಟೀರಾಯ್ಡ್, ಅಡ್ರಿನಲಿನ್, ಆ್ಯಂಟಿಬಯಾಟಿಕ್ ಈ ಐದು ಮಾಮೂಲಿಯಾಗಿ ಬೇಡ.

ಇಷ್ಟಾದರೂ ಕೇಸ್ ಶೀಟ್ ತೆಗೆದು ನೋಡಿದರೆ ಆರು ಗಂಟೆಗೊಮ್ಮೆ ನೆಬುಲೈಸೇಷನ್ (ಔಷಧಿಯನ್ನು ಆವಿಯಂತೆ ಮಾಡಿ ಮಾಸ್ಕಿನಿಂದ ಕೊಡುವುದು), ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಒಂದು ಆ್ಯಂಟಿಬಯಾಟಿಕ್, ಕೈಗೊಂದು ಡ್ರಿಪ್. ವೈದ್ಯರಿಗೆ ಮಾರ್ಗಸೂಚಿ ಗೊತ್ತಿರುತ್ತದೆ. ಏದುಸಿರು ಬಿಡುವ ಮಗುವಿನ ಮುಂದೆ ನಿಂತು ಏನೂ ಮಾಡದೆ ಇರುವುದು ಯಾರಿಂದಲೂ ಆಗುವ ಕೆಲಸವಲ್ಲ, ಅಷ್ಟೇ. ಹಾಗಾಗಿ ನಿಲ್ಲಿಸುವ ಪ್ರತಿಯೊಂದರ ಜಾಗಕ್ಕೂ ಮಾಡಲೊಂದು ಕೆಲಸ ಇಡಬೇಕು. ಕೆಳಗಿನ ಕ್ರಮವೆಲ್ಲ ಈ ಒಂದು ಸೂತ್ರದ ಮೇಲೆ ನಿಂತಿದೆ.

ಮೊದಲು ಹಳೆಯ ಕೇಸ್ ಶೀಟುಗಳು

ಮೆಡಿಕಲ್ ರೆಕಾರ್ಡ್ಸ್ ಕೋಣೆಯಿಂದ ಕಳೆದ ಸೀಸನ್ನಿನ 30 ಕೇಸ್ ಶೀಟು ತರಿಸಿ. ಆರಿಸಬೇಡಿ, ದಾಖಲಾದ ಕ್ರಮದಲ್ಲೇ ಸಾಲಾಗಿ ತೆಗೆಯಿರಿ. ಇಲ್ಲೇ ಮೊದಲ ತೊಡಕು ಬರುತ್ತದೆ. ನಮ್ಮ ವಾರ್ಡುಗಳಲ್ಲಿ ಈ ಕಾಯಿಲೆ ಎಲ್ಲ ಸಲವೂ ‘ಬ್ರಾಂಕಿಯೋಲೈಟಿಸ್’ ಎಂದೇ ದಾಖಲಾಗುವುದಿಲ್ಲ. ‘ವಾಲ್ರಿ’ (ಉಬ್ಬಸದೊಂದಿಗಿನ ಎದೆಯ ಸೋಂಕು), ‘ಎಲ್‌ಆರ್‌ಟಿಐ’ (ಎದೆಯ ಸೋಂಕು), ‘ಬ್ರಾಂಕೋನ್ಯುಮೋನಿಯಾ’ ಎಂಬ ಹೆಸರುಗಳಡಿ ಅಡಗಿ ಕೂತಿರುತ್ತದೆ. ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ, ಲೆಕ್ಕದಿಂದಲೂ ತಪ್ಪಿಹೋಗುತ್ತದೆ. ಆದ್ದರಿಂದ ಒಂದು ವರ್ಷದೊಳಗಿನ, ಶೀತದಿಂದ ಶುರುವಾಗಿ ಮೊದಲ ಸಲ ಉಬ್ಬಸ ಬಂದ ಎಲ್ಲ ಕೂಸುಗಳನ್ನೂ ಸೇರಿಸಿ.

ಪ್ರತಿ ಶೀಟಿನಲ್ಲೂ ಮೊದಲ 24 ಗಂಟೆಯಲ್ಲಿ ಮೇಲಿನ ಐದರಲ್ಲಿ ಯಾವುದು ಆಯಿತು ಎಂದು ಗುರುತು ಹಾಕಿ. ಐದೂ ಇಲ್ಲದ ಕೂಸುಗಳು ನೂರಕ್ಕೆ ಎಷ್ಟು? ಅದೇ ನಿಮ್ಮ ಆರಂಭದ ಅಂಕಿ. ಇದರ ಜೊತೆಗೆ ಇನ್ನೂ ಮೂರು ಸಂಗತಿ ಬರೆದುಕೊಳ್ಳಿ: ಆಕ್ಸಿಜನ್ ಶುರುವಾದಾಗ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ, ನೂರಕ್ಕೆ) ಎಷ್ಟಿತ್ತು, ದ್ರವ ಕೊಟ್ಟದ್ದು ಟ್ಯೂಬಿನಿಂದಲೋ ಡ್ರಿಪ್ಪಿನಿಂದಲೋ, ಆಕ್ಸಿಜನ್ ನಿಂತ ಮೇಲೆ ಡಿಸ್ಚಾರ್ಜ್ ಆಗಲು ಎಷ್ಟು ಗಂಟೆ ಹಿಡಿಯಿತು.

ಇದೇ ಐದರ ಲೆಕ್ಕವನ್ನು ಪ್ರೆಡಿಕ್ಟ್ ಜಾಲದವರು ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ 26 ಆಸ್ಪತ್ರೆಗಳಲ್ಲಿ ಇಟ್ಟರು. ಅರ್ಧದಷ್ಟು ಆಸ್ಪತ್ರೆಗಳಿಗೆ ಮಾರ್ಗಸೂಚಿಯ ಪ್ರತಿಯಷ್ಟೇ ಹೋಯಿತು. ಉಳಿದವಕ್ಕೆ ಅದರ ಜೊತೆ ಸ್ಥಳೀಯ ಮುಂದಾಳುಗಳು, ತರಬೇತಿ, ನಿಯಮಿತ ಲೆಕ್ಕಪತ್ರ ಸಿಕ್ಕವು. ಬರೀ ಪ್ರತಿ ಹೋದ ಕಡೆ ಐದನ್ನೂ ಬಿಟ್ಟ ಕೂಸುಗಳು 73%, ಬೆಂಬಲ ಸಿಕ್ಕ ಕಡೆ 85%. ಅದಕ್ಕೂ ಬಹಳ ಮೊದಲು, 1997ರಲ್ಲಿ, ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆ ತನ್ನದೇ ಮಾರ್ಗಸೂಚಿ ಜಾರಿ ಮಾಡಿದಾಗ ದಾಖಲಾತಿ 29%, ಆಸ್ಪತ್ರೆಯ ವಾಸ 17% ಇಳಿದಿತ್ತು. ಗೋಡೆಗೆ ಅಂಟಿಸಿದ ಕಾಗದವೂ ಒಂದಿಷ್ಟು ಕೆಲಸ ಮಾಡುತ್ತದೆ, ನಿಜ. ಮಿಕ್ಕದ್ದು ಜನರಿಂದ ಆಗಬೇಕು.

ಮುಂದಾಳುಗಳಾಗಿ ಒಬ್ಬ ವೈದ್ಯರು, ಒಬ್ಬ ಸಿಸ್ಟರ್ ಇಬ್ಬರೂ ಇರಲಿ. ವಾರ್ಡಿನಿಂದ ಒಂದು ಜೋಡಿ, ಕ್ಯಾಶುವಾಲ್ಟಿಯಿಂದ ಒಂದು ಜೋಡಿ. ಕ್ಯಾಶುವಾಲ್ಟಿಯನ್ನು ಬಿಟ್ಟು ವಾರ್ಡೊಂದನ್ನೇ ತಿದ್ದಹೊರಟರೆ ಕೂಸು ಮೇಲೆ ಬರುವಷ್ಟರಲ್ಲಿ ಎಕ್ಸ್-ರೇ, ನೆಬುಲೈಸೇಷನ್, ಇಂಜೆಕ್ಷನ್ ಮೂರೂ ಮುಗಿದಿರುತ್ತವೆ. ರಾತ್ರಿ ಪಾಳಿಯವರಿಗೂ ತರಬೇತಿ ಆಗಬೇಕು. ಹತ್ತಿಪ್ಪತ್ತು ನಿಮಿಷ, ಪಾಳಿ ಬದಲಾಗುವ ಹೊತ್ತಿನಲ್ಲಿ, ಅವರವರ ಜಾಗದಲ್ಲೇ.

ನೆಬುಲೈಜರ್: ಎಲ್ಲಕ್ಕಿಂತ ಗಟ್ಟಿ ಅಭ್ಯಾಸ

ಬ್ರಾಂಕಿಯೋಲೈಟಿಸ್‌ನಲ್ಲಿ ಸಣ್ಣ ಶ್ವಾಸನಾಳಗಳನ್ನು ಮುಚ್ಚುವುದು ಊತ, ಕಫ ಮತ್ತು ಉದುರಿದ ಜೀವಕೋಶಗಳು. ಸಾಲ್ಬುಟಮಾಲ್ ಸಡಿಲಿಸುವುದು ನಾಳದ ಸುತ್ತಲಿನ ಸ್ನಾಯುವಿನ ಬಿಗಿತವನ್ನು. ಬಿಗಿತವೇ ಮುಖ್ಯವಲ್ಲದ ಕಡೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಉಳಿಯುವುದು ಎದೆಬಡಿತದ ಏರಿಕೆ, ನಡುಕ, ಕಿರಿಕಿರಿ. ಸ್ಟೀರಾಯ್ಡಿಗೂ ಈ ಊತ ಬಗ್ಗುವುದಿಲ್ಲ. ಅಮೆರಿಕದ 20 ತುರ್ತು ವಿಭಾಗಗಳಲ್ಲಿ 600 ಕೂಸುಗಳ ಮೇಲೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪರೀಕ್ಷಿಸಿದಾಗ ದಾಖಲಾಗುವವರ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

2006ರ ಅಮೆರಿಕನ್ ಮಾರ್ಗಸೂಚಿ ‘ಒಂದು ಸಲ ಕೊಟ್ಟು ನೋಡಿ, ಗುಣ ಕಂಡರೆ ಮುಂದುವರಿಸಿ’ ಎಂಬ ಕಿಂಡಿ ಬಿಟ್ಟಿತ್ತು. 2014ರಲ್ಲಿ ಅದನ್ನು ಮುಚ್ಚಿತು. ಮುಚ್ಚಿದ್ದು ಸರಿ. ಈ ಕಾಯಿಲೆ ಗಂಟೆಗೊಂದು ಬಣ್ಣ ತೋರಿಸುತ್ತದೆ. ಮೂಗು ಸ್ವಚ್ಛವಾದರೆ, ಅಮ್ಮನ ತೊಡೆಯ ಮೇಲೆ ಮಲಗಿದರೆ, ಅಳು ನಿಂತರೆ ಉಸಿರು ತಾನಾಗಿ ಹಗುರಾಗುತ್ತದೆ. ಆ ಹೊತ್ತಿಗೆ ಮುಖಕ್ಕೊಂದು ಮಾಸ್ಕ್ ಇದ್ದರೆ ಕೀರ್ತಿ ಮಾಸ್ಕಿಗೆ. ಹೀಗೆ ‘ಒಂದು ಸಲ’ ಎಂದು ಶುರುವಾದದ್ದು ಡಿಸ್ಚಾರ್ಜ್ ದಿನದವರೆಗೂ ನಡೆಯುತ್ತದೆ.

ನಿಲ್ಲಿಸಲು ಮೂರು ಕೆಲಸ ಮಾಡಿ. ಅಚ್ಚು ಹಾಕಿದ ಅಥವಾ ಕಂಪ್ಯೂಟರಿನಲ್ಲಿ ತಾನಾಗಿ ಬರುವ ಆರ್ಡರ್ ಪಟ್ಟಿಯಿಂದ ಸಾಲ್ಬುಟಮಾಲ್, ಬುಡೆಸೊನೈಡ್ (ಉಸಿರಿನೊಡನೆ ಕೊಡುವ ಸ್ಟೀರಾಯ್ಡ್) ಸಾಲುಗಳನ್ನು ಅಳಿಸಿ. ಬೇಕಾದವರು ಕಾರಣ ಸಮೇತ ಕೈಯಲ್ಲಿ ಬರೆಯಲಿ. ನೆಬುಲೈಜರ್ ಯಂತ್ರವನ್ನು ಕೂಸುಗಳ ಹಾಸಿಗೆಯ ಪಕ್ಕದಿಂದ ಎತ್ತಿ ಅಸ್ತಮಾ ಮಕ್ಕಳ ಕಡೆ ಇಡಿ. ಅದು ಇದ್ದ ಜಾಗದಲ್ಲಿ ಮೂಗು ಸ್ವಚ್ಛ ಮಾಡುವ ಟ್ರೇ ಇಡಿ. ಈ ಮೂರನೆಯದನ್ನು ಮರೆತರೆ ಮೊದಲೆರಡು ವಾರದೊಳಗೆ ಕುಸಿಯುತ್ತವೆ.

3% ಉಪ್ಪುನೀರಿನ ನೆಬುಲೈಸೇಷನ್ ವಿಷಯದಲ್ಲಿ ಮಾರ್ಗಸೂಚಿಗಳು ಒಂದಾಗಿಲ್ಲ. ದಾಖಲಾದ ಮಗುವಿಗೆ ಕೊಟ್ಟರೆ ಕೊಡಬಹುದು ಎನ್ನುತ್ತದೆ ಅಮೆರಿಕ. ಬೇಡ ಎನ್ನುತ್ತದೆ ಬ್ರಿಟನ್. ನಮ್ಮ ಸಲಹೆ ಬಿಟ್ಟುಬಿಡಿ ಎಂದು. ಅದರ ನೆಪದಲ್ಲಿ ಯಂತ್ರ ಮತ್ತೆ ಹಾಸಿಗೆಯ ಬಳಿ ಬರುತ್ತದೆ, ಬೆನ್ನಿಗೇ ಸಾಲ್ಬುಟಮಾಲೂ ಬರುತ್ತದೆ.

ಒಂದು ಎಚ್ಚರಿಕೆ. ವರ್ಷ ದಾಟಿದ, ಪದೇ ಪದೇ ಉಬ್ಬಸ ಬರುವ, ಇಸುಬು ಇರುವ ಅಥವಾ ಮನೆಯಲ್ಲಿ ಅಸ್ತಮಾ ಇರುವ ಮಗು ಬೇರೆ ಲೆಕ್ಕ. ಅದಕ್ಕೆ ಸಾಲ್ಬುಟಮಾಲ್ ಕೆಲಸ ಮಾಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದವರು ಅನುಸರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮವೂ ಉಬ್ಬಸವಿದ್ದರೆ ಸಾಲ್ಬುಟಮಾಲ್ ಕೊಟ್ಟು ನೋಡಿ ಎನ್ನುತ್ತದೆ. ತಜ್ಞರೂ ಯಂತ್ರಗಳೂ ಇಲ್ಲದ ಕಡೆ ನ್ಯುಮೋನಿಯಾ ಕೈತಪ್ಪದಿರಲಿ ಎಂದು ಮಾಡಿದ ಕ್ರಮ ಅದು. ಅಲ್ಲಿಂದ ಕಳಿಸಿದವರನ್ನು ದೂರಬೇಡಿ. ಬಂದ ಮಗುವನ್ನು ಹೊಸದಾಗಿ ನೋಡಿ, ಬೇಡದ್ದನ್ನು ಇಲ್ಲಿ ನಿಲ್ಲಿಸಿ.

ಮೂಗು

ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಉಸಿರೂ ಹಾಲೂ ಎರಡೂ ಕಟ್ಟುತ್ತವೆ. ಟ್ರೇನಲ್ಲಿ 0.9% ಸಲೈನ್, ಮೆತ್ತನೆಯ ಸಕ್ಷನ್ ತುದಿ ಅಥವಾ 6ರಿಂದ 8 ಫ್ರೆಂಚ್ (ಕೊಳವೆಯ ದಪ್ಪದ ಮಾನ) ಅಳತೆಯ ಕ್ಯಾಥೆಟರ್, ಹತ್ತಿಬಟ್ಟೆ, ಕೈಗೆ ಹಚ್ಚುವ ಆಲ್ಕೋಹಾಲ್ ದ್ರಾವಣ ಇರಲಿ. ಹೊಳ್ಳೆಗೆ ಎರಡು ಮೂರು ಹನಿ ಹಾಕಿ, ಒಂದು ನಿಮಿಷ ಬಿಟ್ಟು, 80ರಿಂದ 100 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಮುಂಭಾಗದಿಂದಷ್ಟೇ ಹೀರಿ. ಒಮ್ಮೆಗೆ ಹತ್ತು ಸೆಕೆಂಡ್ ಮೀರಬಾರದು. ಹಾಲು ಕೊಡುವ ಮುಂಚೆ, ಮಲಗಿಸುವ ಮುಂಚೆ, ಉಸಿರಾಟದ ಅಂಕ ಹಾಕುವ ಮುಂಚೆ ಇದನ್ನು ಮಾಡಿ.

ಗಂಟಲಿನವರೆಗೆ ಕ್ಯಾಥೆಟರ್ ಇಳಿಸಿ ಹೀರುವುದು ಬೇಡ. ಆಳದ ಸಕ್ಷನ್ ಮೂಗಿನೊಳಗೆ ಗಾಯ ಮಾಡಿ ಊತ ಹೆಚ್ಚಿಸುತ್ತದೆ. ಆಳಕ್ಕೆ ಹೀರಿಸಿಕೊಂಡ ಕೂಸುಗಳು ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಉಳಿದದ್ದು ಕಂಡಿದೆ. ನಾಲ್ಕು ಗಂಟೆ ದಾಟಿಯೂ ಮೂಗು ನೋಡದೆ ಬಿಟ್ಟ ಕೂಸುಗಳೂ ಹಾಗೆಯೇ ಉಳಿದಿವೆ. ಕಟ್ಟಿದೆಯೇ ಎಂದು ಆಗಾಗ ನೋಡಿ, ಕಟ್ಟಿದ್ದರೆ ಮಾತ್ರ ಹೀರಿ. ಉಸಿರು ನಿಂತು ನಿಂತು ಬರುವ ಕೂಸಿಗೆ ಮಾತ್ರ ಈ ಷರತ್ತಿಲ್ಲ: ಕಫ ಕಾಣದಿದ್ದರೂ ಹೀರಿ.

ಬೆನ್ನು ತಟ್ಟಿ ಕಫ ಬಿಡಿಸುವ ಫಿಸಿಯೋಥೆರಪಿಯಿಂದ ಲಾಭವಿಲ್ಲ. ಕೂಸು ದಣಿಯುತ್ತದೆ.

ಹಾಲು ಮತ್ತು ನೀರು

ದಾಖಲಾಗುವ ಕೂಸುಗಳಲ್ಲಿ ಎಷ್ಟೋ ಕೂಸುಗಳ ನಿಜವಾದ ಕಷ್ಟ ಹಾಲು ಹೀರಲಾಗದಿರುವುದು. ಮಾಮೂಲಿಯ ಅರ್ಧದಿಂದ ಮುಕ್ಕಾಲು ಭಾಗಕ್ಕೆ ಇಳಿದರೆ, 12 ಗಂಟೆ ಒಂದೂ ಬಟ್ಟೆ ಒದ್ದೆಯಾಗದಿದ್ದರೆ ಗಮನ ಕೊಡಿ. ಮೊದಲು ಮೂಗು ಬಿಡಿಸಿ, ಸ್ವಲ್ಪ ಸ್ವಲ್ಪವೇ ಎದೆಹಾಲು ಕುಡಿಸಿ ನೋಡಿ. ಆಗದಿದ್ದರೆ ಮುಂದಿನ ಹೆಜ್ಜೆ ಮೂಗಿನಿಂದ ಹೊಟ್ಟೆಗೆ ಇಳಿಸುವ ಫೀಡಿಂಗ್ ಟ್ಯೂಬ್.

ನಮ್ಮಲ್ಲಿ ರೂಢಿ ನೇರ ಡ್ರಿಪ್ಪಿಗೆ ಹೋಗುವುದು. ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನಲ್ಲಿ 759 ಕೂಸುಗಳನ್ನು ಟ್ಯೂಬ್, ಡ್ರಿಪ್ ಎಂದು ಎರಡು ಗುಂಪು ಮಾಡಿ ನೋಡಿದಾಗ ಆಸ್ಪತ್ರೆಯ ವಾಸ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಆಯಿತು. ಆದರೆ ಮೊದಲ ಯತ್ನದಲ್ಲೇ ಟ್ಯೂಬ್ ಇಳಿದದ್ದು 85% ಕೂಸುಗಳಿಗೆ, ಸೂಜಿ ಸಿಕ್ಕಿದ್ದು 56% ಕೂಸುಗಳಿಗೆ. ಟ್ಯೂಬಿನಲ್ಲಿ ಹೋಗುವುದು ತಾಯಿಯ ಹಾಲು. ಡ್ರಿಪ್ಪಿನಲ್ಲಿ ಹೋಗುವುದು ಸಕ್ಕರೆ ನೀರು.

ಟ್ಯೂಬಿನ ಉದ್ದ: ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿ ಮತ್ತು ಹೊಕ್ಕುಳಿನ ನಟ್ಟನಡುವಿಗೆ. ಪುಟ್ಟ ಕೂಸಿಗೆ 6 ಫ್ರೆಂಚ್ ಸಾಕು. ಇಳಿಸಿದ ಮೇಲೆ ಹೊಟ್ಟೆಯ ದ್ರವ ಎಳೆದು, ಆಮ್ಲತೆ ತೋರಿಸುವ ಪಿಎಚ್ ಪಟ್ಟಿಯಲ್ಲಿ 5.5 ಅಥವಾ ಕಡಿಮೆ ಇದೆಯೇ ನೋಡಿ. ಸಿರಿಂಜಿನಲ್ಲಿ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ. ಟ್ಯೂಬ್ ಶ್ವಾಸನಾಳದಲ್ಲಿದ್ದರೂ ಆ ಸದ್ದು ಕೇಳಬಹುದು. ದ್ರವ ಬರದಿದ್ದರೆ ಎಡ ಮಗ್ಗುಲಿಗೆ ಹೊರಳಿಸಿ ಹತ್ತು ನಿಮಿಷ ಕಾಯಿರಿ. ಅನುಮಾನ ಉಳಿದರೆ ಹಾಲು ಹಾಕಬೇಡಿ. ಮೂಗಿನ ಟ್ಯೂಬಿನಿಂದ ಉಸಿರಿನ ಕಷ್ಟ ಹೆಚ್ಚಿದರೆ ಬಾಯಿಂದ ಇಳಿಸಿ.

ಅಳತೆಗೆ ಒಂದು ಲೆಕ್ಕ. 6 ಕಿಲೋ ಕೂಸಿಗೆ ದಿನಕ್ಕೆ ಕಿಲೋಗೆ 100 ಮಿಲಿಯಂತೆ 600 ಮಿಲಿ. ಉಸಿರಿನ ಕಷ್ಟ ಇರುವಾಗ ಅದರ ಮೂರನೇ ಎರಡು ಭಾಗ, ಅಂದರೆ 400 ಮಿಲಿ. ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ ಸುಮಾರು 33 ಮಿಲಿ. ಅಮ್ಮ ಹಿಂಡಿದ ಹಾಲನ್ನು ಸಿರಿಂಜಿನ ಕೊಳವೆಯಿಂದ ತಾನಾಗಿ ಇಳಿಯಬಿಡಿ, ದೂಡಬೇಡಿ. ಹೊಟ್ಟೆ ಬಿಗಿದರೆ ವಪೆಗೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಿಗೆ) ಜಾಗ ಸಾಲದೆ ಉಸಿರು ಇನ್ನೂ ಕೆಡುತ್ತದೆ. ಉಸಿರು ಇಳಿದಂತೆ ಪ್ರಮಾಣ ಏರಿಸಿ.

ನಿಮಿಷಕ್ಕೆ 70ಕ್ಕಿಂತ ಹೆಚ್ಚು ಉಸಿರು, ನರಳುವ ಸದ್ದು, ಬಳಲಿಕೆ, ಟ್ಯೂಬಿನ ಹಾಲನ್ನೂ ವಾಂತಿ ಮಾಡುವುದು ಕಂಡರೆ ಡ್ರಿಪ್ಪೇ ಸರಿ. ಆಗ 0.9% ಸಲೈನ್ ಜೊತೆ 5% ಡೆಕ್ಸ್‌ಟ್ರೋಸ್ ಇರಲಿ. ಕಡಿಮೆ ಸೋಡಿಯಂನ ಮಕ್ಕಳ ದ್ರವ ಬೇಡ. ಈ ಕಾಯಿಲೆಯಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಡ್ರಿಪ್ ಇರುವಷ್ಟು ದಿನ ಸೋಡಿಯಂ, ಪೊಟ್ಯಾಸಿಯಂ ನೋಡುತ್ತಿರಿ.

ಆಕ್ಸಿಜನ್ ಮತ್ತು ಆ ಪುಟ್ಟ ಕೆಂಪು ದೀಪ

ಮಾನಿಟರಿನ ಅಂಕಿಯೊಂದರಿಂದಲೇ ಎಷ್ಟು ಕೂಸುಗಳು ದಾಖಲಾಗುತ್ತವೆ ಎಂಬುದನ್ನು ಕೆನಡಾದ ಟೊರೊಂಟೊದಲ್ಲಿ 213 ಕೂಸುಗಳ ಮೇಲೆ ನಡೆದ ಪ್ರಯೋಗವೊಂದು ತೋರಿಸಿತು. ಅರ್ಧದಷ್ಟು ಕೂಸುಗಳ ಆಕ್ಸಿಮೀಟರ್ (ಕೆಂಪು ದೀಪದ ಪ್ರೋಬ್‌ನಿಂದ ಸ್ಯಾಚುರೇಷನ್ ಅಳೆಯುವ ಯಂತ್ರ) ನಿಜಕ್ಕಿಂತ 3 ಅಂಕ ಹೆಚ್ಚು ತೋರಿಸುವಂತೆ ಮಾಡಿದ್ದರು, ವೈದ್ಯರಿಗೆ ತಿಳಿದಿರಲಿಲ್ಲ. ನಿಜ ಅಂಕಿ ಕಂಡ ಗುಂಪಿನಲ್ಲಿ 41% ದಾಖಲಾದವು, ಏರಿಸಿದ ಅಂಕಿ ಕಂಡ ಗುಂಪಿನಲ್ಲಿ 25%. ಬ್ರಿಟನ್ನಿನ 8 ಆಸ್ಪತ್ರೆಗಳಲ್ಲಿ 615 ಕೂಸುಗಳಿಗೆ 90% ಮತ್ತು 94% ಗುರಿಗಳನ್ನು ಹೋಲಿಸಿದಾಗ ಕೆಮ್ಮು ಎರಡೂ ಕಡೆ 15 ದಿನಕ್ಕೆ ನಿಂತಿತು. 90ರ ಗುಂಪು ಹಾಲಿಗೆ ಮರಳಿದ್ದು ಸ್ವಲ್ಪ ಬೇಗ. ಇದಾದ ಮೇಲೆ 2021ರಲ್ಲಿ ನೈಸ್ ತನ್ನ ಗಡಿಯನ್ನು ಇಳಿಸಿತು: ಆರು ವಾರ ದಾಟಿದ ಆರೋಗ್ಯವಂತ ಕೂಸಿಗೆ ಸ್ಯಾಚುರೇಷನ್ 90ಕ್ಕಿಂತ ಕೆಳಗೆ ನಿಂತರೆ ಆಕ್ಸಿಜನ್. ಆರು ವಾರದೊಳಗಿನ ಕೂಸಿಗೂ ಹೃದಯ, ಶ್ವಾಸಕೋಶದ ಹಳೆಯ ಕಾಯಿಲೆ ಇರುವ ಕೂಸಿಗೂ ಗಡಿ 92.

‘ಕೆಳಗೆ ನಿಂತರೆ’ ಎಂಬ ಮಾತನ್ನು ಬಿಡಬೇಡಿ. ನಿದ್ದೆಯಲ್ಲಿ ಕ್ಷಣ ಕಾಲ 88ಕ್ಕೆ ಇಳಿದು ಏರುವುದಕ್ಕೆ ಆಕ್ಸಿಜನ್ ಬೇಕಿಲ್ಲ. ಕಡಿಮೆ ಅಂಕಿ ಕಂಡೊಡನೆ ಪಾದ ತಣ್ಣಗಿದೆಯೇ, ಕೂಸು ಒದೆಯುತ್ತಿದೆಯೇ, ಅಲೆ ಸ್ಥಿರವಾಗಿದೆಯೇ ನೋಡಿ. ದೊಡ್ಡವರ ಬೆರಳಿನ ಕ್ಲಿಪ್ಪನ್ನು ಕೂಸಿನ ಕಾಲಿಗೆ ಸಿಕ್ಕಿಸಿ ಬಂದ ಅಂಕಿಗೆ ಬೆಲೆಯಿಲ್ಲ. ಸುತ್ತುವ ಪ್ರೋಬ್ ಬೇಕು. ಕಪ್ಪು ಚರ್ಮದಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಹೆಚ್ಚು ತೋರಿಸಬಹುದು, ಹಾಗಾಗಿ ಗಡಿಯಂಚಿನ ಅಂಕಿ ಕಂಡಾಗ ಕೂಸಿನ ಬಣ್ಣ, ಎಚ್ಚರ, ಉಸಿರಿನ ಶ್ರಮ ನೋಡಿ ತೀರ್ಮಾನಿಸಿ. ಉಸಿರನ್ನು ಪೂರಾ ಒಂದು ನಿಮಿಷ, ಕೂಸು ಅಳದಿರುವಾಗ ಎಣಿಸಿ.

ಮೂಗಿನ ಪ್ರಾಂಗ್ಸ್‌ನಿಂದ (ಹೊಳ್ಳೆಗಳಿಗೆ ಇಡುವ ಪುಟ್ಟ ಕೊಳವೆಗಳಿಂದ) ಶುರು ಮಾಡಿ, ನಿಮಿಷಕ್ಕೆ 2 ಲೀಟರ್‌ವರೆಗೆ. ಸಾಲದಿದ್ದರೆ ಬಿಸಿ ಮಾಡಿ ತೇವಗೊಳಿಸಿದ ಆಕ್ಸಿಜನ್ನಿನ ಜೋರು ಹರಿವು, ಅಂದರೆ ಹೈ-ಫ್ಲೋ, ನಿಮಿಷಕ್ಕೆ ಕಿಲೋಗೆ 2 ಲೀಟರ್. ಹೈ-ಫ್ಲೋ ಯಂತ್ರ ಬಂದ ವಾರ್ಡುಗಳಲ್ಲಿ ಹೊಸ ತಪ್ಪೊಂದು ಶುರುವಾಗುತ್ತದೆ: ನೆಬುಲೈಜರ್ ಬಿಟ್ಟುಹೋದ ಜಾಗವನ್ನು ಅದು ತುಂಬುತ್ತದೆ, ಅಷ್ಟೇನೂ ಕಷ್ಟವಿಲ್ಲದ ಕೂಸಿಗೂ ಹಾಕುತ್ತಾರೆ. 1472 ಕೂಸುಗಳ ಪ್ರಯೋಗದಲ್ಲಿ, ಸಾಮಾನ್ಯ ಆಕ್ಸಿಜನ್ ಸಾಲದೆ ಹೋದ ಕೂಸುಗಳನ್ನು ಆಮೇಲೆ ಹೈ-ಫ್ಲೋಗೆ ಬದಲಿಸಿದಾಗ ಅರ್ಧಕ್ಕಿಂತ ಹೆಚ್ಚು ಕೂಸುಗಳು ಸುಧಾರಿಸಿದವು. ಮೊದಲೇ ಹೈ-ಫ್ಲೋ ಹಾಕಿದ್ದರಿಂದ ಆಸ್ಪತ್ರೆಯ ವಾಸ ಕಡಿಮೆಯಾಗಲಿಲ್ಲ. ಎರಡನೇ ಮೆಟ್ಟಿಲಾಗಿಯೇ ಇಡಿ. ಹಾಕಿದ ಮೇಲೆ ಒಂದು ಗಂಟೆಗೆ ಮತ್ತು ನಾಲ್ಕು ಗಂಟೆಗೆ ನೋಡಿ. ಎದೆಬಡಿತ, ಉಸಿರು ಎರಡೂ ಇಳಿಯದಿದ್ದರೆ ಸಿಪ್ಯಾಪ್ (ಒತ್ತಡದಲ್ಲಿ ಗಾಳಿ ಕೊಟ್ಟು ಶ್ವಾಸಕೋಶ ತೆರೆದಿಡುವ ಯಂತ್ರ) ಅಥವಾ ಐಸಿಯು ಇರುವ ಕಡೆ ಕಳಿಸಲು ಆಗಲೇ ಫೋನ್ ಮಾಡಿ. ಬಳಲಿ ಉಸಿರು ನಿಧಾನವಾಗುವುದನ್ನು ಸುಧಾರಣೆ ಎಂದುಕೊಂಡರೆ ಮಗು ಕೈತಪ್ಪುತ್ತದೆ.

ಆಕ್ಸಿಜನ್ ನಿಂತ ಮೇಲೆ ಪ್ರೋಬ್ ತೆಗೆದುಬಿಡಿ, ನಾಲ್ಕು ಗಂಟೆಗೊಮ್ಮೆ ಮಾತ್ರ ಹಚ್ಚಿ ನೋಡಿ. ಪ್ರೋಬ್ ಕಾಲಿಗೇ ಇದ್ದರೆ ರಾತ್ರಿಯ ಒಂದು ಇಳಿತಕ್ಕೆ ಆಕ್ಸಿಜನ್ ಮತ್ತೆ ಹತ್ತುತ್ತದೆ, ಡಿಸ್ಚಾರ್ಜ್ ಒಂದು ದಿನ ಮುಂದಕ್ಕೆ ಹೋಗುತ್ತದೆ. ಉಸಿರು ನಿಂತ ಇತಿಹಾಸವಿರುವ, ಅವಧಿಗೆ ಮೊದಲೇ ಹುಟ್ಟಿದ, ಆರು ವಾರದೊಳಗಿನ ಕೂಸುಗಳಿಗೆ ಈ ಸಡಿಲಿಕೆ ಬೇಡ.

ಎಕ್ಸ್-ರೇ, ಆ್ಯಂಟಿಬಯಾಟಿಕ್

ಬ್ರಾಂಕಿಯೋಲೈಟಿಸ್ ಎಕ್ಸ್-ರೇಯಲ್ಲಿ ಅಲ್ಲಲ್ಲಿ ಮಬ್ಬು ಕಾಣುವುದು ಸಹಜ. ಅದನ್ನು ನ್ಯುಮೋನಿಯಾ ಎಂದು ಓದಿ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ಒಂದನ್ನು ತಡೆದರೆ ಇನ್ನೊಂದು ತಾನಾಗಿ ತಗ್ಗುತ್ತದೆ. 39 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರದ ಜೊತೆ ಒಂದೇ ಕಡೆ ಬಿಡದೆ ಕೇಳುವ ಕರಕರ ಸದ್ದು, ಐಸಿಯು ಮಟ್ಟದ ಕಷ್ಟ, ಹೃದಯದ ಮರ್ಮರ, ಊದಿದ ಯಕೃತ್ತು ಇದ್ದಾಗ ಎಕ್ಸ್-ರೇ ತೆಗೆಸಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರವಿದ್ದರೆ ಮೂತ್ರ ಪರೀಕ್ಷೆ ತಪ್ಪಿಸಬೇಡಿ.

ಅಮ್ಮನಿಗೂ ಅಜ್ಜಿಗೂ ಹೇಳುವ ಮಾತು

‘ಬರೀ ನೋಡ್ತಾ ಇದ್ದಾರೆ, ಏನೂ ಕೊಡ್ತಿಲ್ಲ’ ಎಂಬ ಮಾತು ಹುಟ್ಟುವ ಮೊದಲೇ, ದಾಖಲಾದ ಒಂದು ಗಂಟೆಯೊಳಗೆ ಮಾತಾಡಿ. ಎಲ್ಲ ಪಾಳಿಯವರೂ ಒಂದೇ ಮಾತು ಹೇಳಬೇಕು. ಹೀಗೆ ಹೇಳಬಹುದು:

“ನೋಡಿಮ್ಮ, ಶೀತದ ವೈರಸ್ ಎದೆಯ ಸಣ್ಣ ಕೊಳವೆಗಳಿಗೆ ಇಳಿದಿದೆ. ಕೊಳವೆ ಊದ್ಕೊಂಡು ಕಫ ಕೂತಿದೆ. ಇದನ್ನ ಬೇಗ ಇಳಿಸೋ ಔಷಧಿ ಇಲ್ಲ, ತಾನಾಗೇ ಇಳಿಯುತ್ತೆ. ಅಲ್ಲೀವರೆಗೂ ಮೂಗು ಬಿಡಿಸ್ತೀವಿ, ಹಾಲು ಹೊಟ್ಟೆಗೆ ಹೋಗೋ ಹಾಗೆ ನೋಡ್ಕೊಳ್ತೀವಿ, ಬೇಕಾದ್ರೆ ಆಕ್ಸಿಜನ್ ಕೊಡ್ತೀವಿ. ಇವತ್ತು ಎರಡನೇ ದಿನ. ಮೂರರಿಂದ ಐದನೇ ದಿನದೊಳಗೆ ಸ್ವಲ್ಪ ಜಾಸ್ತಿ ಆಗ್ಬಹುದು, ಆಮೇಲೆ ಕಮ್ಮಿ ಆಗುತ್ತೆ. ಕೆಮ್ಮು ಮಾತ್ರ ಮೂರು ವಾರ ಇರಬಹುದು.”

ಕೊನೆಯ ಎರಡು ಮಾತು ಬಿಟ್ಟರೆ ಮೂರನೇ ದಿನ ಮಗು ಹೆಚ್ಚು ಏದಿದಾಗ ಚಿಕಿತ್ಸೆಯೇ ತಪ್ಪಿತು ಎಂದು ಮನೆಯವರು ಬೇರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಐದನೇ ದಿನ ಇಳಿಯುತ್ತದೆ, ಅಲ್ಲಿನ ನೆಬುಲೈಸೇಷನ್ನಿಗೆ ಹೆಸರು ಬರುತ್ತದೆ.

ಅಜ್ಜಿಗೆ ಬೇರೆಯಾಗಿ, ಗೌರವದಿಂದ ಹೇಳಿ. ಸ್ನಾನದ ನಂತರ ಸಾಂಬ್ರಾಣಿ, ಲೋಬಾನದ ಹೊಗೆ ಹಿಡಿಯುವುದು, ಮೂಗಿಗೆ ಕೊಬ್ಬರಿ ಎಣ್ಣೆ ಬಿಡುವುದು, ಜೇನು ನೆಕ್ಕಿಸುವುದು ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೆ ಹೊಗೆ ಊದಿದ ನಾಳವನ್ನು ಇನ್ನೂ ಕೆರಳಿಸುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬೇರೆಯದೇ ನ್ಯುಮೋನಿಯಾ ಆಗುತ್ತದೆ, ವರ್ಷದೊಳಗೆ ಜೇನಿನಿಂದ ಬಾಟ್ಯುಲಿಸಂ ಎಂಬ, ಮೈಯ ಸ್ನಾಯುಗಳು ಸೋಲುವ ಕಾಯಿಲೆ ಬರಬಹುದು. ಬೀಡಿ ಸಿಗರೇಟಿನ ಮಾತನ್ನು ಮನೆಯ ಗಂಡಸರಿಗೇ ಹೇಳಿ. ಅಜ್ಜಿಯ ಕೈಗೂ ಒಂದು ಕೆಲಸ ಬೇಕಲ್ಲ: ಸಲೈನ್ ಹನಿ ಹಾಕಿ ಮೂಗು ಒರೆಸುವುದನ್ನು ಅವರಿಗೇ ಕಲಿಸಿ. ಮನೆಗೆ ಹೋದ ಮೇಲೂ ಅದೇ ಬೇಕಾಗುವುದು.

ಡಿಸ್ಚಾರ್ಜಿಗೆ ಮೂರು ಸಂಗತಿ ಸಾಕು. ಕೂಸು ಸ್ಥಿರವಾಗಿರಬೇಕು, ಬಾಯಿಂದ ಸಾಕಷ್ಟು ಹಾಲು ಹೋಗುತ್ತಿರಬೇಕು, ಆಕ್ಸಿಜನ್ ಇಲ್ಲದೆ ನಾಲ್ಕು ಗಂಟೆ, ಅದರಲ್ಲೊಂದು ನಿದ್ದೆಯೂ ಸೇರಿ, ಸ್ಯಾಚುರೇಷನ್ ನಿಂತಿರಬೇಕು. ಕೆಮ್ಮು ಪೂರ್ತಿ ಹೋಗಲೆಂದು ಕಾಯಬೇಡಿ. ತುಟಿ ನೀಲಿಯಾಗುವುದು, ಉಸಿರು ನಿಂತು ಬರುವುದು, ನರಳುವುದು, ಅರ್ಧವೂ ಹಾಲು ಕುಡಿಯದಿರುವುದು ಕಂಡರೆ ತಕ್ಷಣ ಕರೆತನ್ನಿ ಎಂದು ಕನ್ನಡದಲ್ಲಿ ಬರೆದು ಕೊಡಿ, ಓದಿಯೂ ಹೇಳಿ.

ಲೆಕ್ಕ ಇಡುವುದು

ತಿಂಗಳಿಗೊಮ್ಮೆ ಅದೇ ಐದರ ಲೆಕ್ಕ ತೆಗೆದು ಪಾಳಿಗಳ ಮುಂದೆ ಇಡಿ. ಯಾವ ವೈದ್ಯರು ಬರೆದರು ಎಂಬ ಹೆಸರು ಹಾಕಬೇಡಿ. ಹೆಸರು ಹಾಕಿದ ದಿನದಿಂದ ಬ್ರಾಂಕಿಯೋಲೈಟಿಸ್ ಎಲ್ಲ ‘ವಾಲ್ರಿ’ ಆಗಿಬಿಡುತ್ತದೆ. ಅದರ ಪಕ್ಕದಲ್ಲಿ ಏಳು ದಿನದೊಳಗೆ ಮರಳಿ ದಾಖಲಾದವರು, ಐಸಿಯುಗೆ ಹೋದವರು ಎಷ್ಟು ಎಂಬುದೂ ಇರಲಿ. ಔಷಧಿ ನಿಲ್ಲಿಸಿದ್ದರಿಂದ ಯಾರಿಗೂ ಕೆಡುಕಾಗಲಿಲ್ಲ ಎಂದು ನಿಮ್ಮದೇ ಅಂಕಿ ಹೇಳಿದರೆ ಹಿರಿಯ ವೈದ್ಯರೂ ಒಪ್ಪುತ್ತಾರೆ. ನೂರಕ್ಕೆ ನೂರರ ಬೆನ್ನು ಹತ್ತಬೇಡಿ. ಹತ್ತರಲ್ಲೊಂದು ಕೂಸಿಗೆ ಸಕಾರಣವಾಗಿಯೇ ಎಕ್ಸ್-ರೇ ಬೇಕಾಗಬಹುದು.

ವಿಮೆಯಡಿ ದಾಖಲಾದ ಕೂಸಿನ ಕೇಸ್ ಶೀಟಿನಲ್ಲಿ ‘ವೀಕ್ಷಣೆಗಾಗಿ ದಾಖಲು’ ಎಂದಷ್ಟೇ ಬರೆದರೆ ತಕರಾರು ಬರಬಹುದು, ಆ ಭಯಕ್ಕೇ ಎಷ್ಟೋ ಕಡೆ ಡ್ರಿಪ್ ಹಾಕುತ್ತಾರೆ. ಸ್ಯಾಚುರೇಷನ್ ಎಷ್ಟಿತ್ತು, ಆಕ್ಸಿಜನ್ ಎಷ್ಟು ಗಂಟೆ ನಡೆಯಿತು, ಟ್ಯೂಬಿನಲ್ಲಿ ಎಷ್ಟು ಮಿಲಿ ಹೋಯಿತು, ಸಕ್ಷನ್ ಎಷ್ಟು ಸಲ ಆಯಿತು ಎಂದು ಗಂಟೆ ಸಮೇತ ಬರೆಯಿರಿ. ಅದೇ ಚಿಕಿತ್ಸೆ. ಹೌಸ್ ಸರ್ಜನ್ನರ, ಪಿಜಿಗಳ ಹೊಸ ತಂಡ ವಾರ್ಡಿಗೆ ಬಂದಾಗಲೆಲ್ಲ ತರಬೇತಿಯನ್ನು ಮೊದಲಿನಿಂದ ಮಾಡಿ. ಮಳೆ ಶುರುವಾಗುವ ಮುನ್ನ ಸುತ್ತುವ ಪ್ರೋಬ್, 6 ಫ್ರೆಂಚ್ ಟ್ಯೂಬ್, ಪಿಎಚ್ ಪಟ್ಟಿ ಸ್ಟೋರಿನಲ್ಲಿ ಇವೆಯೇ ಎಂದು ಎಣಿಸಿ ಇಂಡೆಂಟ್ ಹಾಕಿ.